ಲೆಕ್ಕಕ್ಕೆ ಬಾರದ ಪಾಲಕರು

1856ರ ಜೂನ್‌ನಲ್ಲಿ ಧಾರವಾಡದ ಒಬ್ಬ ಮಹಾರ ಹುಡುಗ ಮುಂಬಯಿ ಸರ್ಕಾರಕ್ಕೆ ಅರ್ಜಿ ಹಾಕಿಕೊಂಡ. ಸರ್ಕಾರಿ ಶಾಲೆಗೆ ಸೇರಬೇಕೆಂದು ಹೋದೆ, ಉಳಿದವರು ಕೊಡುವ ಫೀ ನಾನೂ ಕೊಡುತ್ತೇನೆ ಎಂದೆ, ಆದರೂ ಒಳಗೆ ಬಿಟ್ಟುಕೊಳ್ಳಲಿಲ್ಲ ಎಂಬುದು ಅವನ ದೂರು. ಮುಂಬಯಿ ಇಲಾಖೆಯಲ್ಲಿ ಇಂಥ ದೂರು ಸರ್ಕಾರದ ಮುಂದೆ ಬಂದದ್ದು ಅದೇ ಮೊದಲು. ಜುಲೈ 21ರಂದು ಸರ್ಕಾರ ಠರಾವು ಹೊರಡಿಸಿತು. ನ್ಯಾಯ ಹುಡುಗನ ಕಡೆಗೇ ಇದೆಯೆಂದು ಅದರಲ್ಲಿ ಒಪ್ಪಿಕೊಂಡಿತು. ಒಪ್ಪಿಕೊಂಡ ಬೆನ್ನಿಗೇ, ಒಬ್ಬಿಬ್ಬರ ಸಲುವಾಗಿ ಯುಗಗಳಿಂದ ಬಂದ ಪೂರ್ವಗ್ರಹಕ್ಕೆ ಒಮ್ಮೆಲೇ ಕೈಹಾಕಿದರೆ ವಿದ್ಯಾಪ್ರಸಾರಕ್ಕೇ ದೊಡ್ಡ ಧಕ್ಕೆಯಾದೀತು, ಈ ಅಡ್ಡಿಯನ್ನು ಹುಟ್ಟಿಸಿದವರು ನಾವಲ್ಲ, ಆದ್ದರಿಂದ ಅದನ್ನು ತಟ್ಟನೆ ತೆಗೆಯುವುದೂ ನಮ್ಮಿಂದಾಗದು ಎಂದು ಕೈಚೆಲ್ಲಿತು.

ಸಂಗತಿ ಕಲಕತ್ತೆಗೆ ಹೋಯಿತು. 1857ರ ಜನವರಿಯಲ್ಲಿ ಹಿಂದುಸ್ತಾನ ಸರ್ಕಾರ ಬರೆದ ಉತ್ತರ ಎರಡು ದಂಡೆಯ ಮೇಲೂ ಕಾಲಿಟ್ಟಿತ್ತು: ಮುಂಬಯಿಯವರು ಜಾಣತನದಿಂದಲೇ ನಡೆದಿರಬೇಕು, ಆದರೆ ಬಂಗಾಲದ ಯಾವ ಸರ್ಕಾರಿ ಶಾಲೆಯಲ್ಲೂ ಈ ಹುಡುಗನಿಗೆ ಇಲ್ಲ ಎನ್ನುತ್ತಿರಲಿಲ್ಲ. ಕೊನೆಗೆ ಲಂಡನ್ನಿನಲ್ಲಿದ್ದ ಕಂಪನಿಯ ನಿರ್ದೇಶಕ ಮಂಡಳಿ 1858ರ ಏಪ್ರಿಲ್ 28ರಂದು ತೀರ್ಮಾನ ಕೊಟ್ಟಿತು. ಸರ್ಕಾರದ ಶಾಲೆಗಳು ಎಲ್ಲ ಜಾತಿಯವರಿಗೂ ತೆರೆದಿರತಕ್ಕವು, ಈ ತತ್ವ ಬಿಡುವಂಥದ್ದಲ್ಲ. ಇದರಿಂದ ಕೆಲವರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋಗಬಹುದು. ಹಾಗೆ ಹೋಗುವವರು ತಮ್ಮ ವಂತಿಗೆ ನಿಲ್ಲಿಸಿ, ತಮ್ಮ ದುಡ್ಡಿನಿಂದ ತಮ್ಮವರಿಗಷ್ಟೇ ಶಾಲೆ ಕಟ್ಟಿಕೊಳ್ಳಲು ಅಡ್ಡಿಯಿಲ್ಲ.

ಈ ಮೂರು ಉತ್ತರಗಳನ್ನು ಒಂದರ ಪಕ್ಕ ಒಂದಿಟ್ಟು ನಾನು ಎಷ್ಟೋ ಸಲ ಓದಿದ್ದೇನೆ. 1928ರಲ್ಲಿ ಸೈಮನ್ ಆಯೋಗದ ಮುಂದೆ ಇಟ್ಟ ಹೇಳಿಕೆಯಲ್ಲಿ ಬಾಬಾಸಾಹೇಬ ಅಂಬೇಡ್ಕರರು ಇವನ್ನೆಲ್ಲ ಒಟ್ಟಿಗೆ ತಂದು ಕೊಟ್ಟಿದ್ದಾರೆ. ಮುಂಬಯಿ ಅಂಜಿದ್ದು ಪಾಲಕರಿಗೆ. ಲಂಡನ್ ಸಮಾಧಾನ ಹೇಳಿದ್ದೂ ಪಾಲಕರಿಗೆ. ಆದರೆ ಯಾವ ಪಾಲಕರಿಗೆ? ಮಕ್ಕಳನ್ನು ಬಿಡಿಸಿಕೊಂಡು ಹೋದಾರು ಎಂಬವರಿಗೆ. ಫೀ ಹಿಡಿದುಕೊಂಡು ಬಾಗಿಲಲ್ಲಿ ನಿಂತ ಹುಡುಗನಿಗೂ ತಾಯಿ ತಂದೆ ಇದ್ದರು, ಮಗ ಓದಲಿ ಎಂಬ ಆಸೆ ಅವರಿಗೂ ಇತ್ತು, ತಿರುಗಿ ಬಂದವನ ಮುಖ ನೋಡಿ ಅವರ ಹೊಟ್ಟೆಯಲ್ಲೂ ಸಂಕಟವಾಗಿರಬೇಕು ಎಂಬುದು ಆ ಠರಾವುಗಳ ವಿಚಾರಕ್ಕೆ ಬರಲೇ ಇಲ್ಲ. ಶಾಲೆಯಲ್ಲಿ ಯಾರ ಮಗು ಯಾರ ಪಕ್ಕ ಕೂಡಬೇಕು ಎಂಬ ಪ್ರಶ್ನೆ ಎದ್ದಾಗಲೆಲ್ಲ ಈ ದೇಶದಲ್ಲಿ ಒಂದು ಗುಂಪಿನ ಪಾಲಕರ ಅಂಜಿಕೆಯೇ ಸರ್ಕಾರದ ಅಂಜಿಕೆಯಾಯಿತು, ಇನ್ನೊಂದು ಗುಂಪಿನವರ ಅಂಜಿಕೆ ಲೆಕ್ಕಕ್ಕೇ ಬರಲಿಲ್ಲ. ನನ್ನ ಇಡೀ ನೌಕರಿಯಲ್ಲಿ ಕಂಡದ್ದು, ಹಳೆಯ ಕಾಗದಗಳಲ್ಲಿ ಓದಿದ್ದು ಎರಡೂ ಕೂಡಿ ನನಗೆ ಹೇಳಿದ್ದು ಇದನ್ನೇ.

ನಾನು ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಪೂರ್ವಭಾಗದಲ್ಲಿ, ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಲ್ಲಿ ಕಲಿಸಿದವಳು. ಮುಖ್ಯಾಧ್ಯಾಪಕಿಯಾಗಿ ನಿವೃತ್ತಳಾದ ಮೇಲೆ ಮಿರಜಿನಲ್ಲಿ ಮನೆ ಮಾಡಿದ್ದೇನೆ. ನಮ್ಮ ಕಡೆ ಮುಖ್ಯಾಧ್ಯಾಪಕರಾದವರಿಗೆ ಇತಿಹಾಸದ ಪಾಠ ಜನರಲ್ ರಜಿಸ್ಟರಿನಿಂದಲೇ ಶುರುವಾಗುತ್ತದೆ. ಮಹಾರಾಷ್ಟ್ರದಲ್ಲಿ ಪರಿಶಿಷ್ಟ ಜಾತಿಯ ದಾಖಲೆ ಬೇಕಾದವರು 1950ಕ್ಕೂ ಹಿಂದಿನ ಪುರಾವೆ ತೋರಿಸಬೇಕು. ಅಜ್ಜನೋ ಮುತ್ತಜ್ಜನೋ ಶಾಲೆಗೆ ಹೋಗಿದ್ದರೆ ಆ ಪುರಾವೆ ಇರುವುದು ನಮ್ಮ ಕಪಾಟಿನಲ್ಲಿ. ಕಂದಿದ ಕೆಂಪು ಬಟ್ಟೆಯ ರಟ್ಟು, ಮುಟ್ಟಿದರೆ ಅಂಚು ಉದುರುವ ಹಾಳೆ, ಹಳೆಯ ಪುಟಗಳಲ್ಲಿ ಮೋಡಿ ಲಿಪಿ. ಹೆಸರು, ಜಾತಿ, ಹುಟ್ಟಿದ ಊರು, ಸೇರಿದ ತಾರೀಖು, ಬಿಟ್ಟ ತಾರೀಖು, ಬಿಟ್ಟ ಕಾರಣ ಎಂದು ಸಾಲಾಗಿ ಅಂಕಣಗಳು. ಬಿಟ್ಟ ಕಾರಣದ ಕೆಳಗೆ ಮತ್ತೆ ಮತ್ತೆ ಬರುವುದು 'ಸತತ ಗೈರುಹಾಜರಿ'. ಮಗು ಬರಲಿಲ್ಲ ಎಂದು ಬರೆಯಲು ಅಲ್ಲಿ ಜಾಗವಿದೆ. ಯಾರು ಬರಗೊಡಲಿಲ್ಲ ಎಂದು ಬರೆಯಲು ಅಂಕಣವಿಲ್ಲ.

ಲಂಡನ್ನಿನ ತೀರ್ಮಾನವಾದ ಮೇಲೂ ಕೆಳಗೆ ಹೆಚ್ಚೇನೂ ನಡೆಯಲಿಲ್ಲ. ಪೂರ್ತಿ ಖರ್ಚು ಸರ್ಕಾರವೇ ಕೊಡುವ ಶಾಲೆಗಳು ಎಲ್ಲರಿಗೂ ತೆರೆದಿವೆ ಎಂದು ಮುಂಬಯಿ ಸಾರಿತು. ಊರವರ ವಂತಿಗೆಯೂ ಸೇರಿ ನಡೆಯುವ ಶಾಲೆಗಳ ಮಾತು ಬಂದಾಗ ಊರವರ ಮನಸ್ಸು ನೋಡಿ ನಡೆದುಕೊಂಡಿತು. 1882ರ ಹಂಟರ್ ಶಿಕ್ಷಣ ಆಯೋಗದ ಹೊತ್ತಿಗೆ ಇಡೀ ಮುಂಬಯಿ ಇಲಾಖೆಯ ಪ್ರಾಥಮಿಕ ಶಾಲೆಗಳಲ್ಲಿ ಕೆಳಜಾತಿ ಎಂದು ಬರೆಸಿದ ಮಕ್ಕಳು 2,862, ಅಂದರೆ ಶೇಕಡ ಒಂದಕ್ಕಿಂತ ಕಡಿಮೆ. ಮಾಧ್ಯಮಿಕ ಶಾಲೆಯಲ್ಲಿ 17. ಹೈಸ್ಕೂಲಿನಲ್ಲಿ, ಕಾಲೇಜಿನಲ್ಲಿ ಒಬ್ಬರೂ ಇಲ್ಲ. ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಆ ಮಕ್ಕಳನ್ನು ಸೇರಿಸಿಕೊಂಡದ್ದಕ್ಕೆ ಮೇಲ್ಜಾತಿಯವರು ಶಾಲೆಗಳನ್ನು ವರ್ಷಗಟ್ಟಲೆ ಬರಿದು ಮಾಡಿದರು, ಒಂದು ಕಡೆ ಗುಡಿಸಲಿಗೂ ಬೆಳೆಗೂ ಬೆಂಕಿ ಬಿತ್ತು. ಆಯೋಗ ತತ್ವವನ್ನು ಮತ್ತೊಮ್ಮೆ ಎತ್ತಿ ಹಿಡಿಯಿತು. ಎಚ್ಚರಿಕೆಯಿಂದ ಜಾರಿ ಮಾಡಿ ಎಂದಿತು. ಮಕ್ಕಳು ಸಾಕಷ್ಟು ಇರುವ ಕಡೆ ಅವರಿಗೆ ಬೇರೆ ಶಾಲೆ ತೆರೆಯಲು ಧಾರಾಳವಾಗಿ ನೆರವು ಕೊಡಿ ಎಂದೂ ಸೇರಿಸಿತು.

ಬೇರೆ ಶಾಲೆಗಳಿಂದ ಏನೂ ಆಗಲಿಲ್ಲ ಎಂದು ನಾನು ಹೇಳುವುದಿಲ್ಲ. 1852ರಲ್ಲಿ ಜೋತಿಬಾ ಫುಲೆಯವರು ಪುಣೆಯಲ್ಲಿ ಮಹಾರ, ಮಾಂಗ ಮಕ್ಕಳಿಗಾಗಿ ಶಾಲೆ ತೆರೆದದ್ದರಿಂದಲೇ ಎಷ್ಟೋ ಮನೆಗಳಿಗೆ ಮೊದಲ ಅಕ್ಷರ ಹೋಯಿತು. ನಮ್ಮ ಜಮಖಂಡಿಯ ಕನ್ನಡ ನೆಲದಲ್ಲಿ 1873ರಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು ಆಕ್ಸ್‌ಫರ್ಡಿನಲ್ಲಿ ಓದಿ ಬಂದು 1906ರಲ್ಲಿ ಮುಂಬಯಿಯಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು, ಅದರ ಶಾಖೆ ಹುಬ್ಬಳ್ಳಿಗೂ ಬಂತು. ಎಲ್ಲೂ ಒಳಗೆ ಬಿಡದಿದ್ದಾಗ ಇವರು ಬಾಗಿಲು ತೆರೆದರು. ಆದರೆ ಸರ್ಕಾರ ತೆರೆದ ಬೇರೆ ಶಾಲೆಯ ಮಾತೇ ಬೇರೆ. ಅದು ಇದ್ದಷ್ಟು ದಿನ ಊರಿನ ಶಾಲೆಯ ಮಾಸ್ತರನಿಗೆ ಒಂದು ಉತ್ತರ ಸಿದ್ಧವಾಗಿತ್ತು: ನಿಮಗೆ ನಿಮ್ಮ ಶಾಲೆ ಇದೆಯಲ್ಲ, ಅಲ್ಲಿಗೆ ಹೋಗಿ.

ಊರಿನ ಶಾಲೆಯೊಳಗೆ ಹೋದವರ ಪಾಡೂ ಹೇಳಬೇಕು. ಮಿರಜಿನಿಂದ ಪುಣೆಗೆ ಹೋಗುವ ಗಾಡಿ ಕರಾಡ ದಾಟಿದ ಮೇಲೆ ಮಸೂರ ಎಂಬ ಸಣ್ಣ ಸ್ಟೇಷನ್ನನ್ನು ಹಾದುಹೋಗುತ್ತದೆ. 1901ರಲ್ಲಿ, ಮುಂದೆ ಬಾಬಾಸಾಹೇಬರಾದ ಬಾಲಕ ಭೀಮರಾವ ಅಣ್ಣನ ಜೊತೆ ತಂದೆಯನ್ನು ನೋಡಲು ಹೊರಟು ಇಳಿದದ್ದು ಇದೇ ಸ್ಟೇಷನ್ನಿನಲ್ಲಿ. ಒಳ್ಳೆಯ ಬಟ್ಟೆ ಹಾಕಿಕೊಂಡಿದ್ದ ಹುಡುಗರ ಜಾತಿ ಗೊತ್ತಾದೊಡನೆ ಅವರನ್ನು ಕೂಡಿಸಿಕೊಳ್ಳಲು ಎತ್ತಿನ ಗಾಡಿ ಹೊಡೆಯುವವರೇ ಒಪ್ಪಲಿಲ್ಲ. ಸಾತಾರದ ಶಾಲೆಯಲ್ಲಿ ಆ ಹುಡುಗ ಕೂಡುತ್ತಿದ್ದದ್ದು ತನ್ನದೇ ಗೋಣಿತಟ್ಟಿನ ಮೇಲೆ, ಒಂದು ಮೂಲೆಯಲ್ಲಿ. ಶಾಲೆ ಕಸ ಹೊಡೆಯುವ ಆಳು ಆ ತಟ್ಟನ್ನು ಮುಟ್ಟುತ್ತಿರಲಿಲ್ಲವಾದ್ದರಿಂದ ಸಂಜೆ ಸುತ್ತಿಕೊಂಡು ಮನೆಗೆ ಒಯ್ಯಬೇಕು, ಮರುದಿನ ಮತ್ತೆ ತರಬೇಕು. ನೀರಡಿಕೆಯಾದರೆ ನಲ್ಲಿಯನ್ನು ತಾನು ಮುಟ್ಟುವಂತಿಲ್ಲ, ಜವಾನ ಬಂದು ತಿರುವಬೇಕು. ಜವಾನ ಇಲ್ಲದ ದಿನ ನೀರೂ ಇಲ್ಲ. ಹಾಜರಿಪಟದಲ್ಲಿ ಹೆಸರು ಹತ್ತಿದ ಮಗು ಶಾಲೆಯ ಒಳಗಿದೆ ಎಂದು ಮೇಲಿನ ಕಚೇರಿ ಬರೆದುಕೊಳ್ಳುತ್ತದೆ. ಆ ಗೋಣಿತಟ್ಟಿನ ಮೇಲೆ ಕೂತವನಿಗೆ ಮಾತ್ರ ತಾನೆಲ್ಲಿದ್ದೇನೆಂಬುದು ಗೊತ್ತು.

ಇದಕ್ಕೆ ಬೇರೊಂದು ಉತ್ತರ ಸಿಕ್ಕಿದ್ದು ನಮ್ಮ ನೆರೆಯಲ್ಲೇ. ಸಾಂಗಲಿಯಿಂದ ಅಂಕಲಿಯ ಸೇತುವೆಯ ಮೇಲೆ ಕೃಷ್ಣೆ ದಾಟಿದರೆ ಶಿರೋಳ ತಾಲೂಕು, ಅದು ಆಗ ಕೊಲ್ಹಾಪುರ ಸಂಸ್ಥಾನದ ನಾಡು. ಇತ್ತಕಡೆ ಸಾಂಗಲಿ, ಮಿರಜುಗಳಲ್ಲಿ ಪಟವರ್ಧನರ ಆಳ್ವಿಕೆ, ಅತ್ತಕಡೆ ಶಾಹೂ ಮಹಾರಾಜರದು. 1917ರಲ್ಲಿ ಶಾಹೂ ಮಹಾರಾಜರು ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಿದರು. ಮಗುವನ್ನು ಕಳಿಸದ ಪಾಲಕರಿಗೆ ತಿಂಗಳಿಗೆ ಒಂದು ರೂಪಾಯಿ ದಂಡ. 1919ರ ಸೆಪ್ಟೆಂಬರ್ 30ರಂದು ಮತ್ತೊಂದು ಆಜ್ಞೆ ಹೊರಟಿತು. ಅಸ್ಪೃಶ್ಯರಿಗೆಂದು ಇರುವ ಬೇರೆ ಶಾಲೆಗಳನ್ನು ಬರುವ ದಸರೆಯಿಂದ ಮುಚ್ಚಬೇಕು, ಆ ಮಕ್ಕಳನ್ನು ಉಳಿದವರಂತೆಯೇ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಬೇಕು, ಅಲ್ಲಿ ಮುಟ್ಟು-ಮೈಲಿಗೆ ಇಲ್ಲ, ಎಲ್ಲ ಜಾತಿ ಧರ್ಮದ ಮಕ್ಕಳನ್ನೂ ಒಟ್ಟಿಗೆ ಕೂಡಿಸಬೇಕು.

ಧಾರವಾಡದ ಠರಾವಿಗೂ ಇದಕ್ಕೂ ಇರುವ ಅಂತರವನ್ನು ಶಿಕ್ಷಕಿಯಾಗಿ ನಾನು ಬಲ್ಲೆ. ಶಾಲೆ ಎಲ್ಲರಿಗೂ ತೆರೆದಿದೆ ಎಂಬ ಮಾತು ಧಾರವಾಡದ ಪ್ರಕರಣದ ಕೊನೆಯಲ್ಲೂ ಇತ್ತು. ಮಾಸ್ತರನ ಬಾಯಲ್ಲಿದ್ದ ಸಿದ್ಧ ಉತ್ತರವನ್ನು ಕಿತ್ತುಕೊಂಡದ್ದು ಕೊಲ್ಹಾಪುರದ ಆಜ್ಞೆ. ಹೋಗು ಎಂದು ಕೈ ತೋರಿಸಲು ಬೇರೆ ಶಾಲೆಯೇ ಉಳಿಯಲಿಲ್ಲ. ಅದೇ ವರ್ಷದ ಜನವರಿಯಲ್ಲಿ ಮಹಾರಾಜರು ನೌಕರರಿಗೂ ಮಾತು ತಲುಪಿಸಿದ್ದರು: ಅಸ್ಪೃಶ್ಯರನ್ನು ಸಮಾನವಾಗಿ ಕಾಣಲು ಮನಸ್ಸಿಲ್ಲದವರು ಆರು ವಾರದೊಳಗೆ ರಾಜೀನಾಮೆ ಕೊಡಬಹುದು, ಪಿಂಚಣಿ ಸಿಗುವುದಿಲ್ಲ. ಈ ಮಾತಿನಿಂದ ಹೊಣೆ ಮಗುವಿನ ಹೆಗಲಿನಿಂದ ಮಾಸ್ತರನ ಹೆಗಲಿಗೆ ಬಂತು. ಅಲ್ಲಿಯವರೆಗೆ ಶಾಲೆಯಲ್ಲಿ ಜಗಳವಾಗದಂತೆ ನೋಡಿಕೊಳ್ಳುವ ಭಾರ ಒಳಗೆ ಬರಬೇಕೆಂದ ಏಳು ವರ್ಷದ ಕೂಸಿನ ಮೇಲಿತ್ತು.

ಆಗ ಕೊಲ್ಹಾಪುರ ಸಂಸ್ಥಾನದಲ್ಲಿ ರಾಯಬಾಗ, ಕಟಕೋಳಗಳೂ ಸೇರಿದ್ದವು, ಇವತ್ತು ಅವು ಬೆಳಗಾವಿ ಜಿಲ್ಲೆಯಲ್ಲಿವೆ. ಕನ್ನಡ ಮಾತಾಡುವ ಆ ಊರುಗಳಿಗೂ ಈ ಆಜ್ಞೆ ಅನ್ವಯವಾಗಿತ್ತು ಎಂಬುದನ್ನು ನಮ್ಮ ಕಡೆಯ ಮಕ್ಕಳಿಗೆ ಕಲಿಸಬೇಕು. 1920ರ ಮಾರ್ಚಿನಲ್ಲಿ ಮಾಣಗಾವದ ಅಸ್ಪೃಶ್ಯರ ಪರಿಷತ್ತಿನಲ್ಲಿ ಶಾಹೂ ಮಹಾರಾಜರೂ ಅಂಬೇಡ್ಕರರೂ ಒಂದೇ ವೇದಿಕೆಯ ಮೇಲೆ ಕೂತರು. ಎರಡು ವರ್ಷದಲ್ಲಿ, 1922ರ ಮೇ 6ರಂದು, ಮಹಾರಾಜರು ತೀರಿಕೊಂಡರು. ಸಂಸ್ಥಾನದ ಎಲ್ಲೆ ದಾಟಿದರೆ ಅವರ ಆಜ್ಞೆಗೆ ಬಲವಿರಲಿಲ್ಲ. ಬ್ರಿಟಿಷ್ ಮುಂಬಯಿಯ ಶಾಸನಸಭೆಯಲ್ಲಿ ಎಸ್. ಕೆ. ಬೋಲೆಯವರ ಠರಾವು ಪಾಸಾಗಿ ಸಾರ್ವಜನಿಕ ಕೆರೆ, ಬಾವಿ, ಶಾಲೆಗಳು ಅಸ್ಪೃಶ್ಯರಿಗೂ ತೆರೆದಿವೆ ಎಂಬ ಮಾತು ಬಂದದ್ದು 1923ರಲ್ಲಿ. ಆ ಮಾತನ್ನು ನಂಬಿ 1927ರಲ್ಲಿ ಮಹಾಡದ ಕೆರೆಯ ನೀರು ಮುಟ್ಟಿದವರು ಏಟು ತಿಂದರು.

ಆಜ್ಞೆಯಿಂದ ಆಗದ ಒಂದು ಕೆಲಸವನ್ನು ಭಾವುರಾವ ಪಾಟೀಲರು ಮಾಡಿದರು. ಅವರದು ಜೈನ ಮನೆತನ, ಹಿರಿಯರು ನಮ್ಮ ದಕ್ಷಿಣ ಕನ್ನಡದ ಮೂಡಬಿದಿರೆಯಿಂದ ಬಂದವರು. 1887ರಲ್ಲಿ ಕುಂಭೋಜದಲ್ಲಿ ಹುಟ್ಟಿದ ಭಾವುರಾವರು ಕೊಲ್ಹಾಪುರದ ಜೈನ ಬೋರ್ಡಿಂಗಿನಲ್ಲಿದ್ದಾಗ ಅಸ್ಪೃಶ್ಯ ವಿದ್ಯಾರ್ಥಿಗಳ ಮಿಸ್ ಕ್ಲಾರ್ಕ್ ಬೋರ್ಡಿಂಗಿನ ಉದ್ಘಾಟನೆಗೆ ಹೋಗಿ ಬಂದರು. ಸ್ನಾನ ಮಾಡಿ ಒಳಗೆ ಬಾ ಎಂದರೆ ಮಾಡಲಿಲ್ಲ, ಬೋರ್ಡಿಂಗ್ ಬಿಡಬೇಕಾಯಿತು. ಕೊಲ್ಹಾಪುರದಲ್ಲಿ ಆಗ ಮರಾಠರಿಗೊಂದು, ಜೈನರಿಗೊಂದು, ಲಿಂಗಾಯತರಿಗೊಂದು ಎಂದು ಜಾತಿಗೊಂದು ಬೋರ್ಡಿಂಗು. ಹಳ್ಳಿಯ ಪಾಲಕರು ಮಕ್ಕಳನ್ನು ಪಟ್ಟಣಕ್ಕೆ ಕಳಿಸಲು ಒಪ್ಪಿದ್ದು ತಮ್ಮವರ ಅಡಿಗೆ, ತಮ್ಮವರ ಪಂಕ್ತಿ ಇದೆಯೆಂದು. ಹಾಗೆ ಕಲಿತವರು ಸಾವಿರಾರು ಮಂದಿ, ಆ ಉಪಕಾರ ದೊಡ್ಡದು. ಆದರೆ ಆ ಪಂಕ್ತಿಗಳು ಒಂದಾಗಲಿಲ್ಲ.

ಭಾವುರಾವರು 1910ರ ಹೊತ್ತಿಗೆ ನಮ್ಮ ಮಿರಜ ತಾಲೂಕಿನ ದುಧಗಾವದಲ್ಲಿ ಗೆಳೆಯರೊಡನೆ ಸೇರಿ ಎಲ್ಲ ಜಾತಿಯ ಹುಡುಗರಿಗೂ ಒಂದೇ ವಸತಿಗೃಹ ನಡೆಸಿ ನೋಡಿದರು. 1919ರಲ್ಲಿ ಕರಾಡ ಹತ್ತಿರದ ಕಾಲೆ ಎಂಬ ಹಳ್ಳಿಯಲ್ಲಿ ರಯತ ಶಿಕ್ಷಣ ಸಂಸ್ಥೆ ಹುಟ್ಟಿತು. 1924ರಲ್ಲಿ ಸಾತಾರದಲ್ಲಿ ಬೋರ್ಡಿಂಗ್ ತೆರೆದರು. 1927ರಲ್ಲಿ ಗಾಂಧೀಜಿ ಅದಕ್ಕೆ ಶಾಹೂ ಮಹಾರಾಜರ ಹೆಸರಿಟ್ಟರು. ಅಲ್ಲಿ ಮಹಾರರ ಹುಡುಗ, ಮರಾಠರ ಹುಡುಗ, ಜೈನರ ಹುಡುಗ, ಮುಸಲ್ಮಾನರ ಹುಡುಗ ಒಂದೇ ಒಲೆಯ ರೊಟ್ಟಿ ತಿಂದರು. ದವಸ ತೀರಿದಾಗ ಭಾವುರಾವರ ಮಡದಿ ಲಕ್ಷ್ಮೀಬಾಯಿ ಒಡವೆ ಮಾರಿದರು, ಕೊನೆಗೆ ಮಂಗಳಸೂತ್ರವನ್ನೂ ಕೊಟ್ಟರು. ಅವರು ಬೆಳೆದದ್ದು ಮಡಿಯ ಮನೆಯಲ್ಲಿ. ಆ ತಾಯಿಗೆ ಊಟಕ್ಕೆ ಕೂತವರು ಹಸಿದ ಮಕ್ಕಳಾಗಿ ಕಂಡರು. ಪಾಲಕರ ಮನಸ್ಸು ತಿರುಗಿದ ಬಗೆಯನ್ನು ಬರೆಯುವವರು ರಾಜರ ಆಜ್ಞೆಯ ಜೊತೆಗೆ ಲಕ್ಷ್ಮೀಬಾಯಿಯವರ ಅಡಿಗೆಮನೆಯನ್ನೂ ಬರೆಯಬೇಕು.

ಇಲ್ಲಿ ಇನ್ನೊಂದು ವರದಿಯ ಮಾತು ತರುತ್ತೇನೆ. ಮುಂಬಯಿ ಸರ್ಕಾರ ನೇಮಿಸಿದ ಸ್ಟಾರ್ಟ್ ಸಮಿತಿ 1930ರಲ್ಲಿ ವರದಿ ಕೊಟ್ಟಿತು, ಅಂಬೇಡ್ಕರರು ಅದರ ಸದಸ್ಯರಾಗಿದ್ದರು. ಹಕ್ಕುಗಳನ್ನು ಎಷ್ಟು ಕೊಟ್ಟರೂ ಅವನ್ನು ಚಲಾಯಿಸುವುದು ಬಹುಕಾಲ ಕಷ್ಟವಾದೀತು ಎಂದು ಸಮಿತಿ ಎಚ್ಚರಿಸಿತು. ಕಾರಣ ಎರಡು. ಒಂದು, ಬಡಿದಾಟದ ಅಂಜಿಕೆ. ಎರಡನೆಯದು, ಈ ಜನರಿಗೆ ಸ್ವಂತ ಆಸರೆ ಇಲ್ಲ. ಕೆಲವರು ಮೇಲ್ಜಾತಿಯವರ ಹೊಲವನ್ನು ಲಾವಣಿಗೆ ಮಾಡುತ್ತಾರೆ, ಕೆಲವರು ಅವರಲ್ಲಿ ಕೂಲಿ, ಉಳಿದವರು ಊರ ಚಾಕರಿಗೆ ಸಿಗುವ ಕಾಳಿನ ಮೇಲೆ ಬದುಕುವವರು. ಹಕ್ಕು ಎಂದು ಬಾಯಿ ತೆಗೆದರೆ ಬಹಿಷ್ಕಾರ. ಹೊಲ ಹೋಗುತ್ತದೆ, ಕೂಲಿ ನಿಲ್ಲುತ್ತದೆ, ಅಂಗಡಿಯಲ್ಲಿ ಉಪ್ಪೂ ಸಿಗುವುದಿಲ್ಲ.

ಇದನ್ನು ಓದುವುದಕ್ಕಿಂತ ಮೊದಲೇ ನನ್ನ ಶಾಲೆಯಲ್ಲಿ ಕೇಳಿದ್ದೆ. ಶಾಲೆಯಲ್ಲಿ ಬೇಯಿಸಿದ ಖಿಚಡಿ ಕೊಡಲು ಶುರುವಾದ ಕಾಲ. ವರಾಂಡದಲ್ಲಿ ಮಕ್ಕಳನ್ನು ಎರಡು ಸಾಲಾಗಿ ಎದುರುಬದುರು ಕೂಡಿಸುತ್ತಿದ್ದೆ, ಹಾಜರಿ ಪುಸ್ತಕದಲ್ಲಿ ಹೆಸರು ಇರುವ ಕ್ರಮದಲ್ಲಿ. ಒಂದು ದಿನ ಎರಡನೇತ್ತೆಯ ಹುಡುಗಿಯ ತಾಯಿ ಬಂದಳು. ಸೆರಗು ಸರಿಮಾಡಿಕೊಳ್ಳುತ್ತ ಬಾಗಿಲ ಹೊರಗೇ ನಿಂತಳು.

"ಬಾಯಾರ, ನಮ್ಮ ಹುಡುಗೀನ ಸ್ವಲ್ಪ ಬ್ಯಾರೆ ಕುಂದ್ರಸ್ರಿ."

"ಯಾಕವ್ವಾ, ಏನಾತು?"

"ನನಗೇನಿಲ್ರಿ. ನಮ್ಮ ಅತ್ತಿ ಮನ್ಯಾಗ ಒದರ್ಯಾಡತಾಳ. ಮಂದೀನೂ ಏನೇನರೆ ಅಂತಾರ್ರಿ."

"ನಮ್ಮ ಸಾಲ್ಯಾಗ ಪಂಕ್ತಿ ಒಂದ ಐತವ್ವಾ. ಎರಡು ಮಾಡಾಕ ಕಾಯದೇನೂ ಬಿಡಂಗಿಲ್ಲ, ನಾನೂ ಬಿಡಂಗಿಲ್ಲ. ನಿಮ್ಮ ಅತ್ತೀಗೆ ಹಂಗ ಹೇಳು, ಬಾಯಾರ ಕೇಳಲಿಲ್ಲ ಅನ್ನು."

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಹೇಳಿ ಬಾ ಎಂದವರಿಗೆ ಒಪ್ಪಿಸಲು ಒಂದು ಉತ್ತರ ಬೇಕಿತ್ತು, ಸಿಕ್ಕಿತು. ಹುಡುಗಿ ಕೆಲವು ದಿನ ಮನೆಯಿಂದ ಡಬ್ಬಿ ತಂದಳು. ಆಮೇಲೆ ಡಬ್ಬಿ ಬರುವುದು ನಿಂತಿತು, ತಾಟು ಹಿಡಿದು ಸಾಲಿನಲ್ಲಿ ಕೂತಳು. ಪಾಲಕರ ವಿರೋಧ ಎಂದು ಕಚೇರಿಯ ಕಾಗದಗಳು ಹೆದರಿಸುವ ಸಂಗತಿ ಎಷ್ಟೋ ಸಲ ಇಷ್ಟೇ ಇರುತ್ತದೆ. ಅತ್ತೆ ಊರ ಹೆಸರು ಹೇಳುತ್ತಾಳೆ, ಊರು ಮತ್ತೊಬ್ಬರ ಹೆಸರು ಹೇಳುತ್ತದೆ. ಶಾಲೆ ಗಟ್ಟಿಯಾಗಿ ನಿಂತರೆ ಎಲ್ಲರಿಗೂ ಒಂದು ನೆವ ಸಿಗುತ್ತದೆ, ಮಗು ಊಟಕ್ಕೆ ಕೂಡುತ್ತದೆ.

ನನ್ನ ನಿದ್ದೆ ಕೆಡಿಸಿದ್ದು ಇನ್ನೊಬ್ಬ ಪಾಲಕ. ಕಬ್ಬು ಕಡಿಯಲು ಪ್ರತಿವರ್ಷ ಕಾರಖಾನೆಗಳ ಕಡೆ ಹೋಗುವವನು, ಉಳಿದ ತಿಂಗಳು ಊರ ಹೊಲದಲ್ಲಿ ಕೂಲಿ. ಅವನ ಮಗ ಗಣಿತದಲ್ಲಿ ಚುರುಕು, ಮುಂದಿನ ಸಾಲಿನಲ್ಲಿ ಕೂಡುತ್ತಿದ್ದ. ತಂದೆ ಸಂಜೆ ಶಾಲೆ ಬಿಟ್ಟ ಮೇಲೆ, ಯಾರೂ ಇಲ್ಲದ್ದು ನೋಡಿ ಬಂದ.

"ಬಾಯಾರ, ಹುಡುಗನ್ನ ಹಿಂದ ಕುಂದ್ರಸ್ರಿ."

"ಅಂವಾ ಶ್ಯಾಣ್ಯಾ ಅದಾನೋ ಯಪ್ಪಾ. ಹಿಂದ್ಯಾಕ?"

"ಶ್ಯಾಣ್ಯಾ ಅದಾನಂತನ ಅಂಜಿಕ್ರಿ. ಗೌಡ್ರ ಮೊಮ್ಮಗನ ಮುಂದ ಉತ್ತರ ಹೇಳಿದ್ನಂತ. ನಾ ನಾಳೆ ಅವ್ರ ಹೊಲಕ್ಕ ಹೋಗಬೇಕ್ರಿ."

ನೂರೈವತ್ತು ವರ್ಷದ ಠರಾವುಗಳಲ್ಲಿ ನಾನು ಹುಡುಕುತ್ತಿದ್ದ ಅಂಜಿಕೆ ಇದು. ಮೊದಲ ತಾಯಿಯ ಅಂಜಿಕೆ ಕಚೇರಿಯ ತನಕ ಹೋಗಬಲ್ಲದು, ಅರ್ಜಿಯಾಗಬಲ್ಲದು, ಶಾಲೆಗೆ ಬೀಗ ಹಾಕಿಸಬಲ್ಲದು. ಈ ತಂದೆಯ ಅಂಜಿಕೆ ಸಂಜೆಗತ್ತಲಲ್ಲಿ ಬಂದು, ಹೇಳಬೇಡಿ ಎಂದು ಹೇಳಿ ಹೋಗುತ್ತದೆ. ಹುಡುಗನನ್ನು ನಾನು ಮುಂದೆಯೇ ಕೂಡಿಸಿದೆ. ತಂದೆಯ ಜೊತೆ ಗೌಡರ ಮನೆಗೆ ಹೋಗಿ, ಇಬ್ಬರೂ ಹುಡುಗರು ಸ್ಕಾಲರ್‌ಶಿಪ್ ಪರೀಕ್ಷೆಗೆ ಒಟ್ಟಿಗೆ ತಯಾರಾಗುತ್ತಿದ್ದಾರೆ, ನಿಮ್ಮ ಮೊಮ್ಮಗನ ಜೊತೆ ಇವನೂ ಶಾಲೆಯ ಹೆಸರು ತರುತ್ತಾನೆ ಎಂದು ಹೇಳಿ ಬಂದೆ. ಹಿರಿಯರು ಚಹಾ ಕೊಟ್ಟರು, ಇಬ್ಬರಿಗೂ.

ಅಮೆರಿಕದ ಕತೆಯನ್ನು ಓದಿದಾಗಲೂ ನನಗೆ ಕಂಡದ್ದು ಇದೇ. 1954ರ ಮೇ 17ರಂದು ಅಲ್ಲಿಯ ಸುಪ್ರೀಂ ಕೋರ್ಟು ಕರಿಯರಿಗೆ, ಬಿಳಿಯರಿಗೆ ಬೇರೆ ಬೇರೆ ಶಾಲೆ ಸಲ್ಲದು ಎಂದಿತು. ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿಯವರು ಒಟ್ಟಿಗೆ ಕೂಡಿಸುವುದಕ್ಕಿಂತ ಎಲ್ಲ ಸರ್ಕಾರಿ ಶಾಲೆಗಳನ್ನೂ ಮುಚ್ಚುವುದೇ ವಾಸಿಯೆಂದು 1959ರಿಂದ 1964ರವರೆಗೆ ಮುಚ್ಚಿಯೇ ಬಿಟ್ಟರು. ಬಿಳಿಯ ಪಾಲಕರು ತಮ್ಮ ಮಕ್ಕಳಿಗೆ ಖಾಸಗಿ ಶಾಲೆ ಕಟ್ಟಿಕೊಂಡರು, 1858ರಲ್ಲಿ ಲಂಡನ್ನಿನವರು ನಮ್ಮವರಿಗೆ ತೋರಿಸಿದ ದಾರಿಯಲ್ಲೇ. ಬೋಸ್ಟನ್ನಿನಲ್ಲಿ 1974ರಲ್ಲಿ ನ್ಯಾಯಾಧೀಶ ಗ್ಯಾರಿಟಿ ಶಾಲೆಗಳ ಸರಹದ್ದು ಬದಲಿಸಿ ಮಕ್ಕಳನ್ನು ಬಸ್ಸಿನಲ್ಲಿ ಒಂದು ಕೇರಿಯಿಂದ ಇನ್ನೊಂದಕ್ಕೆ ಕಳಿಸಿದಾಗ ಕರಿಯ ಮಕ್ಕಳ ಬಸ್ಸಿಗೆ ಕಲ್ಲು ಬಿದ್ದವು. ಬಿಳಿಯ ತಾಯಂದಿರ ಮೆರವಣಿಗೆ ಜಗತ್ತಿಗೆಲ್ಲ ಗೊತ್ತಾಯಿತು. ಅದಕ್ಕೂ ಹನ್ನೊಂದು ವರ್ಷ ಮೊದಲು, 1963ರಲ್ಲಿ, ರೂತ್ ಬ್ಯಾಟ್ಸನ್ ಮುಂದಾಳುತನದಲ್ಲಿ ಕರಿಯ ಪಾಲಕರು ಅದೇ ಊರಿನ ಶಾಲಾ ಸಮಿತಿಯ ಮುಂದೆ ನಿಂತು ನಮ್ಮ ಮಕ್ಕಳ ಶಾಲೆಗಳ ಸ್ಥಿತಿ ನೋಡಿ ಎಂದು ಕೇಳಿಕೊಂಡಿದ್ದರು. ಅಷ್ಟು ದೂರ ಅವರ ದನಿ ಹೋಗಲಿಲ್ಲ. ಅದೇ 1974ರ ಜುಲೈನಲ್ಲಿ ಡೆಟ್ರಾಯಿಟಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ನಗರದ ಎಲ್ಲೆ ದಾಟಿ ಉಪನಗರಗಳ ಶಾಲೆಗಳನ್ನು ಸೇರಿಸಿಕೊಳ್ಳುವಂತಿಲ್ಲ ಎಂದಿತು. ಎಲ್ಲೆಯ ಆಚೆ ಮನೆ ಕೊಂಡವರು ಪಾರಾದರು.

ಎಲ್ಲೆಯ ಮಾತು ನಮ್ಮ ಮಿರಜಿಗೂ ಬಂದಿದೆ. ಶಿಕ್ಷಣ ಹಕ್ಕು ಕಾಯದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅನುದಾನವಿಲ್ಲದ ಖಾಸಗಿ ಶಾಲೆಗಳೂ ಮೊದಲ ತರಗತಿಯ ಶೇಕಡ 25ರಷ್ಟು ಜಾಗವನ್ನು ನೆರೆಹೊರೆಯ ಬಡ ಮತ್ತು ಹಿಂದುಳಿದ ಮನೆಗಳ ಮಕ್ಕಳಿಗೆ ಕೊಡಬೇಕು ಎಂದು ಅದರಲ್ಲಿದೆ. 2012ರ ಏಪ್ರಿಲ್ 12ರಂದು ಸುಪ್ರೀಂ ಕೋರ್ಟು ಇದನ್ನು ಎತ್ತಿ ಹಿಡಿಯಿತು. ನಿವೃತ್ತಳಾದ ಮೇಲೆ ನಮ್ಮ ಓಣಿಯ ಹೆಣ್ಣುಮಕ್ಕಳಿಗೆ ಈ ಅರ್ಜಿ ತುಂಬಿ ಕೊಡುವುದು ನನ್ನ ಬೇಸಿಗೆಯ ಕೆಲಸ. ಮನೆಗೆಲಸಕ್ಕೆ ಹೋಗುವವರು, ಹಮಾಲರ ಹೆಂಡಂದಿರು, ಸ್ಟೇಷನ್ನಿನ ಹತ್ತಿರ ಹಣ್ಣು ಮಾರುವವರು ಕಾಗದಪತ್ರ ಹಿಡಿದು ಬರುತ್ತಾರೆ. ಮೊಬೈಲಿನ ನಕಾಶೆಯಲ್ಲಿ ಮನೆ ಎಲ್ಲಿದೆ ಎಂದು ಗುರುತು ಹಾಕಬೇಕು. ಅಲ್ಲಿಂದ ಒಂದು ಕಿಲೋಮೀಟರಿನ ಒಳಗಿನ ಶಾಲೆ ಯಾವುದು, ಮೂರರ ಒಳಗಿನದು ಯಾವುದು ಎಂದು ಪಟ್ಟಿ ಬರುತ್ತದೆ. ಬೆರಳು ಒಂದು ಗೆರೆ ಆಚೆ ಸರಿದರೂ ಶಾಲೆ ಪಟ್ಟಿಯಿಂದ ಹೋಗುತ್ತದೆ. ಗುರುತು ಹಾಕುವಾಗ ಆ ತಾಯಂದಿರು ಉಸಿರು ಬಿಗಿಹಿಡಿದು ಪರದೆ ನೋಡುತ್ತಾರೆ.

2024ರ ಫೆಬ್ರವರಿ 9ರಂದು ಮಹಾರಾಷ್ಟ್ರ ಸರ್ಕಾರ ನಿಯಮ ತಿದ್ದಿತು. ಒಂದು ಕಿಲೋಮೀಟರಿನ ಒಳಗೆ ಸರ್ಕಾರಿ ಇಲ್ಲವೇ ಅನುದಾನಿತ ಶಾಲೆ ಇದ್ದರೆ ಅಲ್ಲಿಯ ಖಾಸಗಿ ಶಾಲೆಗೆ ಈ 25ರ ಹೊಣೆ ಇಲ್ಲ ಎಂದಿತು. ಊರ ನಡುವೆ ಸರ್ಕಾರಿ ಇಲ್ಲವೇ ಅನುದಾನಿತ ಶಾಲೆ ಒಂದು ಕಿಲೋಮೀಟರಿನೊಳಗೆ ಇಲ್ಲದ ಜಾಗವನ್ನು ಮಿರಜಿನಲ್ಲಿ ಹುಡುಕಿ ನೋಡಿ, ಸಿಗುವುದು ಕಷ್ಟ. ನಿಮಗೆ ನಿಮ್ಮ ಶಾಲೆ ಇದೆಯಲ್ಲ, ಅಲ್ಲಿಗೆ ಹೋಗಿ ಎಂಬ ಆ ಹಳೆಯ ಉತ್ತರ ಮತ್ತೆ ಬಂತು. ಪಾಲಕರು ಕೋರ್ಟಿಗೆ ಹೋದರು. ಬಾಂಬೆ ಹೈಕೋರ್ಟು ಮೇ ತಿಂಗಳಲ್ಲಿ ತಡೆ ಕೊಟ್ಟಿತು, ಜುಲೈ 19ರಂದು ಆ ತಿದ್ದುಪಡಿಯನ್ನೇ ತೆಗೆದುಹಾಕಿತು. ಕರ್ನಾಟಕದಲ್ಲಿ 2019ರಲ್ಲಿ ಇಂಥದೇ ತಿದ್ದುಪಡಿ ಬಂದಾಗ ಅಲ್ಲಿಯ ಹೈಕೋರ್ಟು ಅದನ್ನು ಒಪ್ಪಿತು. ಗಡಿಯ ಈಚೆಗೆ ತೆರೆದ ಬಾಗಿಲು ಆಚೆಗೆ ಮುಚ್ಚಿದೆ. ನನ್ನ ತಂಗಿಯ ಮಕ್ಕಳಿರುವ ಅಥಣಿಯಲ್ಲಿ ಈ ಅರ್ಜಿಯ ಮಾತೇ ನಿಂತುಹೋಗಿದೆ.

ಸರ್ಕಾರಿ ಶಾಲೆಯನ್ನು ಕಟ್ಟಬೇಕು, ಖಾಸಗಿಯವರಿಗೆ ಸರ್ಕಾರದ ಹಣ ಏಕೆ ಎನ್ನುವವರ ಮಾತಿನಲ್ಲಿ ಸತ್ಯವಿದೆ. ನನ್ನ ಬದುಕನ್ನೇ ಸರ್ಕಾರಿ ಶಾಲೆಗೆ ಕೊಟ್ಟವಳು ನಾನು, ಅದು ಬರಿದಾಗುವುದು ನನಗೆ ನೋವು. ಆದರೆ ಫೀ ಕಟ್ಟುವ ಪಾಲಕರು ಮದುವೆ ಮನೆಗಳಲ್ಲಿ ನನ್ನ ಮುಂದೆ ಆಡುವ ಮಾತು ಹಣದ್ದಲ್ಲ. "ಆ ಹುಡುಗರ ಭಾಷೆ ನಮ್ಮ ಹುಡುಗರಿಗೆ ಹತ್ತತದ", "ಸ್ಟ್ಯಾಂಡರ್ಡ್ ಇಳೀತದ", "ಬರ್ತ್‌ಡೇಕ್ಕ ಕರೀಬೇಕಾಗತದ". ಮೈಲಿಗೆ ಎಂಬ ಮಾತು ಈಗ ಯಾರ ಬಾಯಲ್ಲೂ ಇಲ್ಲ. ನಮ್ಮ ಮಗುವಿನ ಪಕ್ಕ ಯಾರು ಕೂಡುತ್ತಾರೆ ಎಂಬ ಪ್ರಶ್ನೆ ಇದ್ದಲ್ಲೇ ಇದೆ. ಈ ಪಾಲಕರು ಕೆಟ್ಟವರಲ್ಲ, ಮಕ್ಕಳ ಮೇಲಿನ ಪ್ರೀತಿಯಿಂದಲೇ ಅಂಜುತ್ತಾರೆ. ಖಿಚಡಿಯ ಪಂಕ್ತಿಗೆ ಅಂಜಿದ ತಾಯಿಯ ಹಾಗೆ ಇವರಿಗೂ ಬೇಕಾಗಿರುವುದು ಇಲ್ಲಿ ಸಾಲು ಒಂದೇ ಎಂದು ಗಟ್ಟಿಯಾಗಿ ಹೇಳುವ ಶಾಲೆ.

ಆ ಗಟ್ಟಿತನ ಎಲ್ಲಿಂದ ಬರಬೇಕು ಎಂಬುದನ್ನೂ ಕಾಯದೆಯೇ ತೋರಿಸಿದೆ. ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರಿರಬೇಕು, ಅರ್ಧದಷ್ಟು ಹೆಂಗಸರಿರಬೇಕು, ಬಡ ಮತ್ತು ಹಿಂದುಳಿದ ಮನೆಗಳ ಪಾಲಕರಿಗೆ ಮಕ್ಕಳ ಪ್ರಮಾಣದಷ್ಟು ಜಾಗ ಇರಬೇಕು. ಅನುದಾನವಿಲ್ಲದ ಖಾಸಗಿ ಶಾಲೆಗಳಿಗೆ ಈ ಕಲಮು ಅನ್ವಯಿಸುವುದಿಲ್ಲ. ಅನ್ವಯಿಸಬೇಕು ಎಂಬುದು ನನ್ನ ಬೇಡಿಕೆ. ಮಗುವನ್ನು ಒಳಗೆ ತೆಗೆದುಕೊಂಡ ಶಾಲೆ ಅದರ ತಾಯಿಯನ್ನೂ ಸಭೆಯಲ್ಲಿ ಕೂಡಿಸಬೇಕು. ಜಿಲ್ಲಾ ಪರಿಷತ್ತಿನ ಶಾಲೆಗಳಲ್ಲಿ ಈ ಸಮಿತಿಯ ಸಭೆಯನ್ನು ಕೂಲಿಯವರು ಬರಲಾಗದ ಮಧ್ಯಾಹ್ನ ಕರೆದು, ಸಹಿಗಾಗಿ ಪುಸ್ತಕವನ್ನು ಮನೆಗೆ ಕಳಿಸುವುದು ನಿಲ್ಲಬೇಕು. ಶಾಲೆಯ ಎಲ್ಲೆ ತಿದ್ದುವ ಯಾವ ನಿಯಮವಾದರೂ, ಮುಂಬಯಿಯಲ್ಲಾಗಲಿ ಬೆಂಗಳೂರಿನಲ್ಲಾಗಲಿ, ಆ ಎಲ್ಲೆಯಿಂದ ಹೊರಗುಳಿಯುವ ಮಕ್ಕಳ ಪಾಲಕರನ್ನು ಕರೆದು ಕೇಳಿದ ಮೇಲೆಯೇ ಹೊರಡಬೇಕು. ಧಾರವಾಡದ ಹುಡುಗನ ಮನೆಯವರಿಗೆ ಅಂದು ಸಲ್ಲಬೇಕಾಗಿದ್ದ ಮಾತು ಇದು, ಇಂದಿನವರಿಗಾದರೂ ಸಲ್ಲಲಿ. ಈ ಜೂನ್‌ನಲ್ಲಿ ನಮ್ಮ ಓಣಿಯ ಶಾಲೆಗಳ ಸಮಿತಿ ಸಭೆಗೆ ಅರ್ಜಿ ತುಂಬಿಸಿದ ತಾಯಂದಿರನ್ನೆಲ್ಲ ನಾನೇ ಕರೆದುಕೊಂಡು ಹೋಗುವವಳಿದ್ದೇನೆ, ನಿಮ್ಮ ಓಣಿಯಲ್ಲಿ ನೀವೂ ಕರೆದುಕೊಂಡು ಹೋಗಿ.